ಪಟ್ಟಿಗೆ ಸಹಿ ಬೀಳುವ ತನಕ

ಬಂಗಾರಪೇಟೆ
ಜನವರಿ 12

ಮುನೀಂದ್ರ,

ಜಿಲ್ಲೆಯ ಇಪ್ಪತ್ತಮೂರು ಸಣ್ಣ ಹಾಲು ಉತ್ಪಾದಕರ ಸಂಘಗಳನ್ನು ಮುಚ್ಚಿ ಪಕ್ಕದೂರಿನ ಸಂಘಗಳಿಗೆ ಸೇರಿಸುವ ಆದೇಶದ ಕರಡು ಸಿದ್ಧವಾಗಿದೆ. ಇದನ್ನು ನನಗೆ ಹೇಳಿದವರು ಸಹಕಾರ ಇಲಾಖೆಯಿಂದ ಹೋದ ವರ್ಷ ನಿವೃತ್ತರಾದ ಒಬ್ಬ ಗುಮಾಸ್ತರು. ಪಟ್ಟಿಯನ್ನು ಕಣ್ಣಾರೆ ನೋಡಿದ್ದಾರೆ. ಹೆಸರುಗಳು ನೆನಪಿಲ್ಲ, ಕ್ಯಾಸಂಬಳ್ಳಿ ಹೋಬಳಿಯದೊಂದು ಸಂಘ ಇತ್ತು ಎನ್ನುತ್ತಾರೆ. ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಸಂಘಗಳ ಅಧ್ಯಕ್ಷರನ್ನು ಕರೆದು ಸಭೆ ಮಾಡಿದರಂತೆ. ನಿನ್ನನ್ನೂ ಕರೆದಿದ್ದರಾ? ಪಟ್ಟಿಯಲ್ಲಿ ಮುದ್ದನಕುಂಟೆ ಇದೆಯಾ?

ಫೋನಿನಲ್ಲೇ ಕೇಳಬಹುದಿತ್ತು. ಹೋದ ವರ್ಷ ನೀನು ಫೋನಿನಲ್ಲಿ ಯಾರಿಗೋ ಆಡಿದ ಅರ್ಧ ಮಾತು ತಾಲ್ಲೂಕಿನ ವಾಟ್ಸ್‌ಆ್ಯಪ್ ಗುಂಪುಗಳನ್ನೆಲ್ಲ ಸುತ್ತಿ ಬಂದ ಮೇಲೆ, ಸಂಘದ ವಿಷಯವಾದರೆ ಬರೆದು ಕಳಿಸು ಎಂದವನು ನೀನೇ. ಹಾಗಾಗಿ ನಿಮ್ಮ ಹಾಲಿನ ವ್ಯಾನು ಓಡಿಸುವ ಮುನಿಶಾಮಿಯ ಕೈಲಿ ಕೊಡುತ್ತಿದ್ದೇನೆ. ‘ಈ ಕಾಲ್ದಾಗೂ ಕಾಗ್ದಾನಾ ಸಾ? ನಾನೇನ್ ಪಾರಿವಾಳನಾ?’ ಎಂದು ನಕ್ಕ. ಆದರೂ ಜೇಬಿಗಿಟ್ಟುಕೊಂಡ.

ಬೆಂಗಳೂರಿನಲ್ಲಿ ಸಂಪುಟ ಬದಲಾಗುತ್ತದೆ ಎಂದು ಕೆಲವರು, ಆಗುವುದಿಲ್ಲ ಎಂದು ಕೆಲವರು. ಸಚಿವರು ಉಳಿದರೆ ಆದೇಶ ಉಳಿಯುತ್ತದೆ, ಅವರು ಹೋದರೆ ಅದೂ ಹೋಗುತ್ತದೆ ಎಂಬ ಮಾತೂ ಇದೆ. ಯಾವುದಕ್ಕೂ ಆಧಾರವಿಲ್ಲ. ನನಗೆ ನಿನ್ನಿಂದ ಬೇಕಿರುವುದು ಒಂದೇ ಸಾಲು. ಹದಿನಾರರೊಳಗೆ ಬಂದರೆ ಹದಿನೆಂಟರ ಪತ್ರಿಕೆಗೆ ಹೋಗುತ್ತದೆ. ಗೊತ್ತಿಲ್ಲ ಎಂದು ನೀನು ಹೇಳಿದರೆ, ಗೊತ್ತಿಲ್ಲ ಎಂದಿದ್ದಾರೆ ಅಂತಲೇ ಬರೆಯುತ್ತೇನೆ.

ನಿನ್ನ
ಚಲಪತಿ


ಮುದ್ದನಕುಂಟೆ
ಜನವರಿ 15

ಚಲಪತಿ,

ನಿನ್ನೆ ಸಂಕ್ರಾಂತಿ. ಹಬ್ಬವಾದರೂ ಎರಡು ಹೊತ್ತೂ ಹಾಲು ಬಂತು. ಕೊಂಬಿಗೆ ಬಣ್ಣ ಬಳಿದ ಕೈಯಲ್ಲೇ ಹೆಂಗಸರು ಕ್ಯಾನು ಹಿಡಿದು ಸಾಲು ನಿಂತಿದ್ದರು. ದಿನಕ್ಕೆ ಐನೂರ ನಲವತ್ತು ಲೀಟರಿಗೆ ಕಡಿಮೆ ಇಲ್ಲ. ನೂರ ಹದಿನೆಂಟು ಸದಸ್ಯರು. ಇಂಥ ಸಂಘವನ್ನು ಯಾರು ಯಾಕೆ ಮುಚ್ಚುತ್ತಾರೆ?

ಬೆಂಗಳೂರಿಗೆ ಹೋಗಿದ್ದು ನಿಜ. ಮಾಮೂಲಿ ಸಭೆ. ಒಂದೇ ಹಸು ಕಟ್ಟಿಕೊಂಡು ದಿನಕ್ಕೆ ಐದು ಲೀಟರ್ ತರುವ ನರಸಮ್ಮ ನಿನಗೆ ಗೊತ್ತಲ್ಲ. ಸಾಲಿನಲ್ಲಿ ನಿಂತು ಕೂಗಿದಳು: ‘ಏನ್ ಮುನೀಂದ್ರಾ, ಬೆಂಗ್ಳೂರಿಗೆ ಓಗ್ ಬಂದಾಗಿಂದ ಮೊಖ ಊದ್ಕಂಡೈತೆ? ಮಿನಿಸ್ಟ್ರು ಊಟ ಆಕ್ಲಿಲ್ವಾ?’

‘ಆಕಿದ್ರು ನರಸಮ್ಮಕ್ಕ, ಉಪ್ಪಿರ್ಲಿಲ್ಲ’ ಅಂದೆ. ಎಲ್ಲರೂ ನಕ್ಕರು. ಮಾತು ಅಲ್ಲಿಗೆ ಮುಗಿಯಿತು.

ಬರೆದುಕೋ: ‘ಮುದ್ದನಕುಂಟೆ ಸಂಘಕ್ಕೆ ಯಾವ ಆತಂಕವೂ ಇಲ್ಲ. ವದಂತಿಗಳಿಗೆ ಸದಸ್ಯರು ಕಿವಿಗೊಡಬಾರದು ಎಂದು ಅಧ್ಯಕ್ಷ ಮುನೀಂದ್ರ ಸ್ಪಷ್ಟಪಡಿಸಿದ್ದಾರೆ.’

ಗೊತ್ತಿಲ್ಲ ಎಂದು ಬರೆದರೆ ಜನ ಅದನ್ನು ‘ಮುಚ್ಚುತ್ತದೆ’ ಎಂದೇ ಓದುತ್ತಾರೆ. ನಮ್ಮಪ್ಪ ಚಿನ್ನದ ಗಣಿಯ ಟೈಮ್ ಆಫೀಸಿನಲ್ಲಿ, ಕಾರ್ಮಿಕರ ಹಾಜರಿ ಬರೆಯುತ್ತ ಮೂವತ್ತು ವರ್ಷ ಕೂತರು. ಒಳಗೆ ಕಲ್ಲು ಸಿಡಿದ ದಿನ ಗೇಟಿನ ಮುಂದೆ ಹೆಂಗಸರು ನೆರೆಯುತ್ತಿದ್ದರು. ಸತ್ತವರ, ಗಾಯಗೊಂಡವರ ಪಟ್ಟಿ ಮೇಲಿನವರ ಸಹಿಯಾಗಿ ಹಲಗೆಗೆ ಬೀಳುವ ತನಕ ಅಪ್ಪ ಒಂದು ಹೆಸರೂ ಬಾಯಿಬಿಟ್ಟವರಲ್ಲ. ಬಾಯಿಬಿಟ್ಟು ಅದು ತಪ್ಪಾದರೆ ಆ ಪಾಪ ಯಾರದು ಎನ್ನುತ್ತಿದ್ದರು. ನಾನು ಅವರ ಮಗ.

ಇನ್ನೊಂದು. ಹಾಲಿನ ಜಿಡ್ಡು ನೋಡುವ ಕೆಲಸಕ್ಕೆ ನಮ್ಮಲ್ಲಿ ಸುಮಲತ ಇದ್ದಾಳೆ, ನರಸಮ್ಮನ ಸೊಸೆ. ಅವಳಿಗೆ ಮಾಲೂರಿನ ಒಂದು ಕಾರ್ಖಾನೆಯಿಂದ ಕರೆ ಬಂದಿದೆ. ಇಪ್ಪತ್ತಕ್ಕೆ ಸೇರಬೇಕಂತೆ. ‘ಅಣ್ಣಾ, ಓಗ್ಲಾ, ಇಲ್ಲೇ ಇರ್ಲಾ?’ ಎಂದು ಎರಡು ಸಲ ಕೇಳಿದಳು. ಪತ್ರಿಕೆಯಲ್ಲಿ ನೋಡಿದರೆ ಅವಳಿಗೂ ಧೈರ್ಯ ಬರುತ್ತದೆ.

ನಿನ್ನ
ಮುನೀಂದ್ರ


ಬಂಗಾರಪೇಟೆ
ಮಾರ್ಚ್ 2

ಶ್ರೀ ಮುನೀಂದ್ರ ಅವರಿಗೆ,

ಆದೇಶ ಫೆಬ್ರವರಿ 27ರಂದು ಹೊರಬಿದ್ದಿದೆ. ಪಟ್ಟಿಯಲ್ಲಿ ಮುದ್ದನಕುಂಟೆ ಹದಿನಾಲ್ಕನೆಯದು. ಪ್ರತಿ ಕೊಟ್ಟವರು ಹಾಲು ಒಕ್ಕೂಟದ ಕಚೇರಿಯವರು. ಅದರ ಜೊತೆ ಡಿಸೆಂಬರ್ 29ರ ಸಭೆಯ ನಡಾವಳಿಯನ್ನೂ ಕೊಟ್ಟರು. ಹಾಜರಿ ಪುಟದಲ್ಲಿ ನಿಮ್ಮ ಸಹಿ ಇದೆ. ಪೂರ್ತಿ ಹೆಸರು, ಕೆಳಗೆ ಊರು, ದಿನಾಂಕ.

ನಡಾವಳಿಯ ಮೂರನೇ ಅಂಶವನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ಅದನ್ನು ಮರೆತಿರಲಾರಿರಿ. ಜನವರಿಯಿಂದ ಮಾರ್ಚ್‌ವರೆಗೆ ಮೂರು ತಿಂಗಳ ಸರಾಸರಿ ದಿನಕ್ಕೆ ಐನೂರು ಲೀಟರ್ ಇದ್ದ ಸಂಘವನ್ನು ಪಟ್ಟಿಯಿಂದ ಕೈಬಿಡಲಾಗುವುದು.

ಜನವರಿ 18ರಂದು ನಿಮ್ಮ ಮಾತನ್ನು ನಾನು ನನ್ನ ಹೆಸರಿನಲ್ಲಿ ಅಚ್ಚು ಹಾಕಿದೆ. ಅದಾದ ಮೂರು ವಾರಕ್ಕೆ ನಿಮ್ಮೂರಿಗೆ ಖಾಸಗಿ ಹಾಲಿನ ವ್ಯಾನು ಬರತೊಡಗಿತು ಎಂದು ಮುನಿಶಾಮಿ ಹೇಳಿದ. ‘ನಿಮ್ ಡೈರಿ ಮುಚ್ಚೋಯ್ತದೆ, ಈಗ್ಲೇ ನಮ್ಗೆ ಆಕಿ’ ಎಂದು ಮನೆಮನೆಗೆ ಹೇಳುತ್ತಾರಂತೆ. ನಿಮ್ಮನ್ನು ಕೇಳಿದವರಿಗೆ ನೀವು ‘ನೋಡೋಣ’ ಅಂದಿರಂತೆ.

ಒಕ್ಕೂಟದ ಅಂಕಿಗಳು: ಜನವರಿಯಲ್ಲಿ ದಿನಕ್ಕೆ 545, ಫೆಬ್ರವರಿಯಲ್ಲಿ 480. ನಾನು ಲೆಕ್ಕ ಹಾಕಿದೆ. ಮಾರ್ಚ್‌ನಲ್ಲಿ ದಿನಕ್ಕೆ 474 ಬಂದರೆ ಸಾಕು, ಸಂಘ ಉಳಿಯುತ್ತದೆ. ಇನ್ನೂ ಇಪ್ಪತ್ತೊಂಬತ್ತು ದಿನ ಇದೆ. ಸಾಲಿನಲ್ಲಿ ನಿಂತವರಿಗೆ ಇದನ್ನು ಹೇಳಿ. ಪಟ್ಟಿಯನ್ನೂ ಷರತ್ತನ್ನೂ ಸೇರಿಸಿ ನಾಳೆಯ ಪತ್ರಿಕೆಗೆ ನಾನು ಬರೆದು ಕಳಿಸಿದ್ದೇನೆ.

ಇಂತಿ
ಚಲಪತಿ
ವರದಿಗಾರ


ಮುದ್ದನಕುಂಟೆ
ಏಪ್ರಿಲ್ 4

ಚಲಪತಿ,

ಮಾರ್ಚ್ ಮುಗಿದಿದೆ. ಆ ತಿಂಗಳು ದಿನಕ್ಕೆ 405 ಬಂತು. ಮೂರು ತಿಂಗಳ ಸರಾಸರಿ 477. ಒಕ್ಕೂಟದವರು ಮೊನ್ನೆ ಪತ್ರ ಕಳಿಸಿದ್ದಾರೆ. ಇಪ್ಪತ್ತಮೂರು ಲೀಟರ್ ಕಡಿಮೆ. ಎರಡು ಒಳ್ಳೆಯ ಹಸುವಿನ ಹಾಲು.

ನೀನು ‘ನೀವು’ ಎಂದು ಬರೆದಿದ್ದೆ. ನನಗೆ ಹಾಗೆ ಬರೆಯಲು ಬರುವುದಿಲ್ಲ. ಕ್ಯಾಸಂಬಳ್ಳಿ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವನಿಗೆ ನಾನು ನೀನು ಎಂದೇ ಬರೆಯುತ್ತೇನೆ. ಬೇಡವೆನ್ನಿಸಿದರೆ ಓದಬೇಡ.

ಡಿಸೆಂಬರ್ 29ರಂದು ಅವರು ಹೇಳಿದ್ದು ನೀನು ಬರೆದ ಹಾಗೆಯೇ. ಕೊನೆಗೆ ಒಬ್ಬ ಅಧಿಕಾರಿ, ಇದಿನ್ನೂ ಖಚಿತವಲ್ಲ, ಸಚಿವರು ಬದಲಾದರೆ ಏನು ಬೇಕಾದರೂ ಆಗಬಹುದು ಎಂದರು. ನಾನು ಅದನ್ನು ಹಿಡಿದುಕೊಂಡೆ. ನಮ್ಮದು ಐನೂರ ನಲವತ್ತು ಇದೆ, ಗಡಿ ಐನೂರು, ಸುಮ್ಮನಿದ್ದರೆ ದಾಟಿಬಿಡುತ್ತೇವೆ. ಹೇಳಿದರೆ ಹೆದರಿ ಬಿಟ್ಟು ಹೋಗುತ್ತಾರೆ ಎಂದುಕೊಂಡೆ. ಹೇಳಲಿಲ್ಲ. ಬಿಟ್ಟು ಹೋದರು.

ಮಾರ್ಚ್‌ನಲ್ಲೂ ಯಾಕೆ ಹೇಳಲಿಲ್ಲ ಎಂದು ನೀನು ಕೇಳುತ್ತೀಯ. ಸಂಪುಟ ಬದಲಾಗುವುದು ಖಂಡಿತ ಎಂದು ಟಿವಿಯಲ್ಲಿ ದಿನಾ ಬರುತ್ತಿತ್ತು. ಆದೇಶವೇ ಬಿದ್ದುಹೋದರೆ, ನಾನು ಮುಚ್ಚಿಟ್ಟದ್ದನ್ನು ಯಾರಿಗೂ ಹೇಳಬೇಕಾಗಿಲ್ಲವಲ್ಲ ಎಂದು ಕಾದೆ. ಇಪ್ಪತ್ತೊಂದನೇ ತಾರೀಕು ಸಚಿವರು ಬದಲಾದರು. ಆದೇಶ ಬದಲಾಗಲಿಲ್ಲ. ಅದರ ಪ್ರತಿ ಅಷ್ಟು ದಿನವೂ ನನ್ನ ಮೇಜಿನ ಖಾನೆಯಲ್ಲೇ ಇತ್ತು. ಖಾನೆಯ ಆಚೆ, ನಾಲ್ಕಡಿ ದೂರದಲ್ಲಿ, ದಿನಕ್ಕೆರಡು ಸಲ ಅಷ್ಟು ಜನ ಸಾಲು ನಿಲ್ಲುತ್ತಿದ್ದರು.

ಯುಗಾದಿ ಕಳೆದ ಮೇಲೆ ನರಸಮ್ಮನ ಮನೆಗೆ ಹೋದೆ. ಸಂಘ ಪಕ್ಕದೂರಿಗೆ ಸೇರಿದರೆ ನಾಲ್ಕು ಕಿಲೋಮೀಟರ್ ಕ್ಯಾನು ಹೊತ್ತು ನಡೆಯಲು ಅವಳಿಂದ ಆಗದು. ಅರವತ್ತೆಂಟು ವಯಸ್ಸು. ಖಾಸಗಿ ವ್ಯಾನಿನವರು ಐದು ಲೀಟರಿಗೆ ಅವಳ ಸಂದಿಗೆ ಬರುವುದಿಲ್ಲ. ನಾನು ನಮ್ಮಪ್ಪನ ಮಾತನ್ನೇ ಹೇಳಿದೆ: ಪಟ್ಟಿಗೆ ಸಹಿ ಬೀಳುವ ತನಕ ಹೆಸರು ಹೇಳಬಾರದು, ಅದಕ್ಕೇ ಸುಮ್ಮನಿದ್ದೆ ಎಂದು. ಅವಳು ಹಸುವಿಗೆ ಹುಲ್ಲು ಹಾಕುತ್ತಿದ್ದವಳು ನಿಂತಳು.

‘ನಿಮ್ಮಪ್ಪನ್ ಪಟ್ಟಿ ನಂಗೆ ಏಳ್ಬ್ಯಾಡ ಮುನೀಂದ್ರಾ. ಆವತ್ತು ಆ ಗೇಟ್ ತಾವ ನಿಂತಿದ್ದೋಳು ನಾನು. ಬೆಳಿಗ್ಗೆ ನಿಂತೋಳು ಸಂಜೆ ಗಂಟ ನಿಂತಿದ್ದೆ. ನಿಮ್ಮಪ್ಪ ಕಿಟ್ಕಿಯಾಗೆ ಕಾಣ್ತಿದ್ರು. ನನ್ ಗಂಡ ಬದ್ಕವ್ನೆ, ಆಸ್ಪತ್ರೆಗೆ ಒತ್ಕಂಡ್ ಓಗವ್ರೆ ಅಂತ ಅವ್ರಿಗೆ ಗೊತ್ತಿತ್ತು. ನನ್ನ ನೋಡಿ ಮೊಖ ತಿರುಗ್ಸಿದ್ರು. ತಿರುಗ್ಸಿದ್ ನೋಡಿ, ಸತ್ತೋದ ಅಂದ್ಕಂಡೆ. ತಾಳಿಗೆ ಕೈ ಆಕಿದ್ದೆ ಕಣಪ್ಪ, ಪಕ್ಕದೋಳು ಕೈ ಇಡ್ಕಂಡ್ಲು.’

ಅವಳೇ ಮತ್ತೆ ಹೇಳಿದಳು: ‘ಎಸ್ರು ಏಳೋದ್ ಬ್ಯಾಡಾಗಿತ್ತು. ಇನ್ನೂ ಗೊತ್ತಿಲ್ಲಮ್ಮ, ಮೂರ್ ಗಂಟೆಗೆ ಬಂದು ಗೊತ್ತಾದಷ್ಟು ಏಳ್ತೀನಿ ಅಂದಿದ್ರೆ ಸಾಕಾಗಿತ್ತು. ಮೂರ್ ಗಂಟೆಗೆ ಬಂದು, ಈಗ್ಲೂ ಗೊತ್ತಿಲ್ಲ ಅಂದಿದ್ರೂ ಸಾಕಾಗಿತ್ತು.’

ಆ ದಿನದ ಕಥೆಯನ್ನು ಅಪ್ಪ ನನಗೆ ಹತ್ತು ಸಲ ಹೇಳಿದ್ದರು. ಗೇಟಿನಲ್ಲಿದ್ದ ಹೆಂಗಸು ಯಾರೆಂದು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಸುಮಲತ ಮಾಲೂರಿಗೆ ಹೋಗಲಿಲ್ಲ. ನಿನ್ನ ವರದಿಯನ್ನು ಕತ್ತರಿಸಿ ಪರೀಕ್ಷೆ ಮಾಡುವ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದಳು. ಮೊನ್ನೆ ನೋಡಿದೆ, ಗಾಜಿನ ಕೆಳಗೆ ಅದಿಲ್ಲ. ಅವಳು ಕೆಲಸ ಬಿಟ್ಟು ಹತ್ತು ದಿನವಾಯಿತು.

ಮುನೀಂದ್ರ


ಬಂಗಾರಪೇಟೆ
ಏಪ್ರಿಲ್ 16

ಶ್ರೀ ಮುನೀಂದ್ರ ಅವರಿಗೆ,

ನಿಮ್ಮ ಪತ್ರ ತಲುಪಿತು. ಉತ್ತರಿಸಬಾರದೆಂದಿದ್ದೆ. ಎರಡು ಸಂಗತಿಗಳನ್ನು ತಿಳಿಸಬೇಕಾಗಿರುವುದರಿಂದ ಬರೆಯುತ್ತಿದ್ದೇನೆ.

ಮೊದಲನೆಯದು. ಮಾರ್ಚ್ 3ರ ಪತ್ರಿಕೆಯಲ್ಲಿ ಇಪ್ಪತ್ತಮೂರು ಸಂಘಗಳ ಪಟ್ಟಿ ಬಂತು. ಐನೂರು ಲೀಟರಿನ ಷರತ್ತು ಬರಲಿಲ್ಲ. ನಾನು ಅದನ್ನು ಕೊನೆಯ ಪ್ಯಾರಾದಲ್ಲಿ ಬರೆದಿದ್ದೆ. ಸಂಜೆ ಆರರ ಮೇಲೆ ಒಂದು ಜಾಹೀರಾತು ಬಂತಂತೆ, ಜಾಗ ಸಾಲಲಿಲ್ಲವೆಂದು ಕೊನೆಯ ಪ್ಯಾರಾ ತೆಗೆದರು. ಇಪ್ಪತ್ತೆರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸುತ್ತಾರೆ ಎಂದು ನನಗೆ ಗೊತ್ತು. ಜನ ಸಂಘವನ್ನು ಉಳಿಸಿಕೊಳ್ಳಲು ದಾರಿಯಾಗಬಹುದಿದ್ದ ಒಂದೇ ಸಾಲನ್ನು ನಾನು ಕೆಳಗಿಟ್ಟೆ. ಮೇಲಿಟ್ಟದ್ದು ನಿಮ್ಮ ಡಿಸೆಂಬರಿನ ಸಹಿಯನ್ನು. ಒಬ್ಬರದೇ ಹೆಸರು ಬೇಡವೆಂದು ಅದನ್ನೂ ತೆಗೆದರು.

ಮಾರನೇ ದಿನ ಇನ್ನೊಂದು ವರದಿ ಬರೆಯಬಹುದಿತ್ತು. ಬರೆಯಲಿಲ್ಲ. ನಿಮಗೆ ಪತ್ರ ಬರೆದಾಗಿದೆ, ಹೇಳುವುದು ಅಧ್ಯಕ್ಷರ ಕೆಲಸ ಎಂದು ಸುಮ್ಮನಾದೆ. ಆ ತಿಂಗಳು ಬೆಮೆಲ್ ಕಾಲೋನಿಯ ನೀರು, ಊರಿಗಾಂ ರೈಲ್ವೆ ಗೇಟು, ಹೀಗೆ ಹದಿನೇಳು ವರದಿ ಮಾಡಿದ್ದೇನೆ. ಕ್ಯಾಸಂಬಳ್ಳಿ ಕಡೆಗೆ ಒಂದು ದಿನವೂ ಗಾಡಿ ತಿರುಗಿಸಲಿಲ್ಲ. ಯಾಕೆಂದು ನಿಮಗೆ ಹೇಳಬೇಕಾಗಿಲ್ಲ.

ಜನವರಿ 18ರ ವರದಿಗೆ ತಿದ್ದುಪಡಿ ಹಾಕಿ ಎಂದು ಕೇಳಿದೆ. ಮೂರು ತಿಂಗಳ ಹಿಂದಿನದನ್ನು ಯಾರು ನೆನಪಿಟ್ಟಿರುತ್ತಾರೆ ಬಿಡಿ ಎಂದರು.

ಎರಡನೆಯದು. ನೆನಪಿಟ್ಟವರೊಬ್ಬರು ಸಿಕ್ಕಿದರು. ಸೋಮವಾರ ಬೆಳಿಗ್ಗೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ, ಬೆಂಗಳೂರಿನ ಗಾಡಿಗೆ ಕಾಯುವವರ ನಡುವೆ ಸುಮಲತ ನಿಂತಿದ್ದರು. ಕಂಟೋನ್ಮೆಂಟಿನ ಹತ್ತಿರ ಯಾವುದೋ ಕಚೇರಿ ಗುಡಿಸುವ ಕೆಲಸ. ಬೆಳಿಗ್ಗೆ ನಾಲ್ಕಕ್ಕೆ ಏಳುತ್ತಾರಂತೆ. ಮಾಲೂರಿನವರನ್ನು ಮತ್ತೆ ಕೇಳಿದರೆ ಆ ಜಾಗ ತುಂಬಿದೆ ಎಂದರಂತೆ. ನನ್ನನ್ನು ಗುರುತು ಹಿಡಿದು, ‘ಪೇಪರ್ನೋರಲ್ವಾ?’ ಅಂದರು. ಹೌದೆಂದೆ.

‘ಅಣ್ಣಾ, ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕೋಬ್ಯಾಡಿ. ಪೇಪರ್ನಾಗೆ ಬರೀಬೇಕಾದ್ರೆ, ಅದು ನಿಜಾನಾ ಅಂತ ನೀವ್ ಯಾರ್ನಾದ್ರೂ ಕೇಳ್ತೀರಾ?’

ವ್ಯಂಗ್ಯವಿರಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದರು. ಗಾಡಿ ಬಂತು, ಹತ್ತಿದರು. ಉತ್ತರ ಕೊಡುವಷ್ಟು ಸಮಯವಿತ್ತು. ನಾನು ಕೊಡಲಿಲ್ಲ.

ಇಂತಿ
ಚಲಪತಿ


ಮುದ್ದನಕುಂಟೆ
ಮೇ 9

ಚಲಪತಿ,

ಜೂನ್ 1ರಿಂದ ನಮ್ಮ ಸಂಘ ಪಕ್ಕದೂರಿಗೆ ಸೇರುತ್ತದೆ ಎಂದು ಲಿಖಿತವಾಗಿ ಬಂದಿದೆ. ಬಂದದ್ದು ಏಪ್ರಿಲ್ 26ರ ಮಧ್ಯಾಹ್ನ. ಅವತ್ತು ಸಂಜೆಯೇ ಸಾಲಿನ ಮುಂದೆ ಹೋಗಿ ನಿಂತೆ.

ಎದುರಿಗೆ ನಲವತ್ತೊಂದು ಜನ ಇದ್ದರು. ಕಾಗದ ಕೈಯಲ್ಲಿ ಹಿಡಿದು ಓದಿದೆ. ಗೊತ್ತಿರುವುದು ಇಷ್ಟು. ಮೇಲ್ಮನವಿ ಹಾಕಲು ಮೂವತ್ತು ದಿನ ಇದೆ, ಹಾಕುತ್ತೇವೆ. ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಹೊಸ ಸಚಿವರ ಮನಸ್ಸು ಏನೆಂದು ಗೊತ್ತಿಲ್ಲ. ಮುಂದಿನ ಸೋಮವಾರ ಬೆಳಿಗ್ಗೆ ಆರೂವರೆಗೆ ಇಲ್ಲೇ ನಿಲ್ಲುತ್ತೇನೆ, ಹೇಳಲು ಏನೂ ಇಲ್ಲದಿದ್ದರೂ ನಿಲ್ಲುತ್ತೇನೆ ಎಂದೆ.

ಮುನಿರತ್ನಮ್ಮ ಖಾಲಿ ಕ್ಯಾನು ಹಿಡಿದು ಹಾಗೇ ನೋಡಲು ಬಂದಿದ್ದಳು. ಅವಳ ಮನೆ ಹಾಲು ಫೆಬ್ರವರಿಯಿಂದ ಖಾಸಗಿ ವ್ಯಾನಿಗೆ ಹೋಗುತ್ತದೆ. ‘ಏನಣ್ಣಾ, ದನ ಓದ್ಮ್ಯಾಲೆ ಕೊಟ್ಗೆ ಬಾಗ್ಲಾಕ್ತಾ ಇದ್ದೀಯ?’ ಅಂದಳು. ಯಾರೂ ನಗಲಿಲ್ಲ. ಹಿಂದಿನಿಂದ ಇನ್ಯಾರೋ, ‘ಆಕ್ಲಿ ಬಿಡಮ್ಮ, ಕರು ಐತಲ್ಲ ಒಳ್ಗೆ’ ಅಂದರು. ಅದಕ್ಕೆ ನಕ್ಕರು.

ಮೊದಲ ಸೋಮವಾರ ಹೇಳಲು ಏನೂ ಇರಲಿಲ್ಲ. ಏನೂ ಗೊತ್ತಾಗಿಲ್ಲ ಎಂದು ಹೇಳಿ, ಫ್ಯಾಟು ಬರೆಯುವ ಹಲಗೆಯ ಮೇಲೂ ಸುಣ್ಣದ ಕಡ್ಡಿಯಲ್ಲಿ ಹಾಗೇ ಬರೆದೆ. ಎರಡನೇ ಸೋಮವಾರ ಐವತ್ತೆರಡು ಜನ ಇದ್ದರು. ಹನ್ನೊಂದು ಮನೆಯವರು ಹಾಲು ವಾಪಸು ತಂದಿದ್ದಾರೆ. ಜೂನ್ ಬಂದ ಮೇಲೆ ಅದರಿಂದ ಪ್ರಯೋಜನವಿಲ್ಲ, ಅವರಿಗೂ ಗೊತ್ತು. ಹಾಗೆಂದು ನಾನೇ ಹೇಳಿದ್ದೆ. ಆದರೂ ತಂದರು.

ಒಂದು ಮಾತು ಬಿಟ್ಟು ಎಲ್ಲ ಹೇಳಿದ್ದೇನೆ. ಡಿಸೆಂಬರಿನದು ಹೇಳಲಾಗಲಿಲ್ಲ. ಮೂರು ಸಲ ಕಾಗದದಲ್ಲಿ ಬರೆದುಕೊಂಡು ಹೋದೆ. ಆ ಸಾಲು ಬಂದಾಗ ಕಣ್ಣು ಮುಂದಿನ ಸಾಲಿಗೆ ಹೋಗುತ್ತದೆ. ನರಸಮ್ಮ ಮಾತ್ರ ಕ್ಯಾನು ಕೆಳಗಿಟ್ಟು ನನ್ನ ಮುಖವನ್ನೇ ನೋಡುತ್ತಿರುತ್ತಾಳೆ. ಅವಳಿಗೆ ಗೊತ್ತಿದೆ. ಅವಳು ಯಾರಿಗೂ ಹೇಳಿಲ್ಲ.

ಮುನೀಂದ್ರ


ಮುದ್ದನಕುಂಟೆ
ಜೂನ್ 3

ಚಲಪತಿ,

ಮೇ 31ರ ಸಂಜೆಯ ಹಾಲು ಕೊನೆಯದು. ಮಾರನೇ ಬೆಳಿಗ್ಗೆ ತೂಕದ ಯಂತ್ರವನ್ನೂ ಪರೀಕ್ಷೆ ಯಂತ್ರವನ್ನೂ ಮುನಿಶಾಮಿಯ ವ್ಯಾನಿಗೇ ಹತ್ತಿಸಿದರು. ಅವನು ಹೋಗುವಾಗ ಕೈ ಮುಗಿದ. ಇನ್ನು ವ್ಯಾನು ಈ ಕಡೆ ಬರುವುದಿಲ್ಲ. ಈ ಪತ್ರವನ್ನು ಕ್ಯಾಸಂಬಳ್ಳಿಗೆ ಹೋಗಿ ಅಂಚೆ ಡಬ್ಬಿಗೆ ಹಾಕುತ್ತೇನೆ. ಎಷ್ಟು ದಿನಕ್ಕೆ ಸಿಗುತ್ತದೋ ತಿಳಿಯದು.

ಮೇಲ್ಮನವಿ ಹಾಕಿದ್ದೇವೆ. ಬರೆದುಕೊಟ್ಟವರು ಕೆಜಿಎಫ್‌ನ ವಕೀಲ ವಿಜಯಕುಮಾರ್. ಕಾಗದವನ್ನೆಲ್ಲ ಓದಿ ಕನ್ನಡಕ ತೆಗೆದು ಹೇಳಿದರು: ‘ಸಾರ್, ಷರತ್ತು ಮೆಂಬರ್ಸ್‌ಗೆ ತಿಳಿಸಿರ್ಲಿಲ್ಲ, ಆದ್ದರಿಂದ ಮೂರು ತಿಂಗ್ಳು ಲೆಕ್ಕ ಅವರ ಮೇಲೆ ಆಕೋದು ನ್ಯಾಯ ಅಲ್ಲ. ಈ ಅರ್ಜಿಗೆ ಇರೋದು ಇದೊಂದೇ ಕಾಲು. ಅದು ನಿಂತ್ಕೋಬೇಕು ಅಂದ್ರೆ ನೀವು ಕೂತ್ಕೋಬೇಕು.’

ಕೂತುಕೊಳ್ಳುವುದೆಂದರೆ, ಡಿಸೆಂಬರ್ 29ಕ್ಕೇ ನನಗೆ ಗೊತ್ತಿತ್ತು, ನಾನೇ ಮುಚ್ಚಿಟ್ಟೆ ಎಂದು ಪ್ರಮಾಣ ಮಾಡಿ ಬರೆದುಕೊಡುವುದು. ಅದಾದ ಮೇಲೆ ಸಂಘ ಉಳಿದರೂ ನಾನು ಅಧ್ಯಕ್ಷನಾಗಿ ಉಳಿಯುವುದಿಲ್ಲ. ಅದೇನೂ ದೊಡ್ಡದಲ್ಲ. ಅಧಿಕಾರಿಗೆ ಬರೆದುಕೊಟ್ಟು, ಊರಿನವರು ಅದನ್ನು ಆಮೇಲೆ ಬೇರೆ ಕಡೆಯಿಂದ ಕೇಳುವುದು ಬೇಡ ಅನ್ನಿಸಿತು. ಇದೊಂದನ್ನಾದರೂ ಮೊದಲು ಅವರಿಗೆ ಹೇಳಬೇಕಿತ್ತು.

ಕೊನೆಯ ಸಂಜೆ, ಎಲ್ಲರ ಹಾಲೂ ಅಳೆದಾದ ಮೇಲೆ ಹೇಳಿದೆ. ಎಂಬತ್ತಕ್ಕೂ ಹೆಚ್ಚು ಜನ ಇದ್ದರು. ಕಾಗದ ಒಯ್ದಿರಲಿಲ್ಲ.

ಮುನಿರತ್ನಮ್ಮ ಬೆರಳು ಮಡಿಸುತ್ತಿದ್ದಳು. ‘ನಮ್ಮನೆ ಎರಡು, ನಮ್ ತಂಗಿ ಮನೆ ಎರಡು. ಈ ನಾಕು ಹಸು ಹಾಲು ಬಂದಿದ್ರೆ ಸಾಕಾಗಿತ್ತಲ್ಲಣ್ಣಾ? ಐನೂರು ಅಂತ ಒಂದ್ ಮಾತು ಬಾಯಾಗ್ ಬಂದಿದ್ರೆ ನಾನ್ಯಾಕೆ ಆ ವ್ಯಾನಿಗಾಕ್ತಿದ್ದೆ?’ ಬೈಯಲಿಲ್ಲ. ಸಿಟ್ಟಿಗಿಂತ ಅವಳ ಮುಖದಲ್ಲಿದ್ದುದು ತಾನೇ ಏನೋ ತಪ್ಪು ಮಾಡಿದಂಥ ಭಾವ. ಅದನ್ನು ನೋಡುವುದಕ್ಕಿಂತ ಬೈಸಿಕೊಳ್ಳುವುದು ಸುಲಭವಿತ್ತು. ಬೈದವರೂ ಇದ್ದರು. ಅದನ್ನು ಬರೆಯುವುದಿಲ್ಲ.

ನರಸಮ್ಮ ಕ್ಯಾನು ಎತ್ತಿಕೊಂಡು ಹೋಗುವಾಗ, ‘ಇಷ್ಟೊತ್ತಿಗೆ ಬಂದ್ಯಾ ಕಿಟ್ಕಿ ಬಿಟ್ಟು’ ಅಂದಳು. ಈಗ ಅವಳ ಹಾಲು ಮೊಮ್ಮಕ್ಕಳಿಗೆ ಒಂದಿಷ್ಟು, ಉಳಿದದ್ದು ಮಜ್ಜಿಗೆ. ಹಸು ಮಾರುವ ಮಾತು ಮನೆಯಲ್ಲಿ ಬಂದಿದೆ. ವಿಚಾರಣೆ ಆಗುವ ತನಕ ತಡೆಯಿರಿ ಎಂದು ಕೇಳಿದ್ದೇನೆ. ಗೆಲ್ಲುತ್ತೇವೆಂದು ಹೇಳಿಲ್ಲ.

ಒಂದು ಕೇಳಬೇಕಿದೆ. ನಾನು ಸದಸ್ಯರಿಗೆ ತಿಳಿಸಲಿಲ್ಲ ಎಂಬುದಷ್ಟೇ ಅಲ್ಲ, ಆತಂಕವಿಲ್ಲ ಎಂದು ಸುಳ್ಳು ಹೇಳಿದೆ ಎಂಬುದಕ್ಕೆ ನಿನ್ನ ಜನವರಿ 18ರ ವರದಿ ಬೇಕು ಎನ್ನುತ್ತಾರೆ ವಕೀಲರು. ಅದನ್ನು ಲಗತ್ತಿಸಿದರೆ ನಿನ್ನ ಹೆಸರೂ ಕಡತಕ್ಕೆ ಹೋಗುತ್ತದೆ. ನೀನು ಬೇಡವೆಂದರೆ ಹಾಕುವುದಿಲ್ಲ.

ಮುನೀಂದ್ರ


ಬಂಗಾರಪೇಟೆ
ಜೂನ್ 13

ಮುನೀಂದ್ರ,

ಪತ್ರ ನಿನ್ನೆ ಸಿಕ್ಕಿತು. ಒಂಬತ್ತು ದಿನ ತೆಗೆದುಕೊಂಡಿದೆ. ಮುನಿಶಾಮಿಯೇ ವಾಸಿ.

ವರದಿಯ ಪ್ರತಿ ಇದರೊಳಗಿದೆ. ಜೊತೆಗೆ ನನ್ನ ಹೇಳಿಕೆ ಒಂದು ಪುಟ, ಸಹಿ ಮಾಡಿದ್ದೇನೆ. ಅಧ್ಯಕ್ಷರ ಮಾತನ್ನು ಇನ್ನೊಬ್ಬರಲ್ಲಿ ಖಚಿತಪಡಿಸಿಕೊಳ್ಳದೆ ಪ್ರಕಟಿಸಿದೆ, ಮಾರ್ಚ್ 3ರ ವರದಿಯಲ್ಲಿ ಷರತ್ತು ಬಿಟ್ಟುಹೋದದ್ದು ತಿಳಿದಿದ್ದೂ ಮತ್ತೆ ಬರೆಯಲಿಲ್ಲ ಎಂದಿದೆ. ಕಚೇರಿಗೆ ತಿಳಿಸಿದ್ದೇನೆ. ಅವರಿಗೆ ಇಷ್ಟವಾಗಿಲ್ಲ. ಏನು ಮಾಡುತ್ತಾರೆಂದು ಗೊತ್ತಿಲ್ಲ.

ನಿನ್ನ ಜನವರಿ 15ರ ಪತ್ರವನ್ನು ಇಟ್ಟುಕೊಂಡಿದ್ದೆ. ಮಾರ್ಚ್‌ನಲ್ಲಿ ಒಂದು ದಿನ ಅದನ್ನೇ ಪತ್ರಿಕೆಯಲ್ಲಿ ಹಾಕಿಬಿಡಬೇಕೆಂದು ಟೈಪು ಮಾಡಿಯೂ ಇದ್ದೆ. ಆ ಟೈಪು ಅಳಿಸಿದ್ದೇನೆ. ನಿನ್ನ ಕೈಬರಹದ ಮೂಲ ಇದರೊಳಗಿದೆ. ಜೆರಾಕ್ಸ್ ಮಾಡಿಸಿಲ್ಲ. ವಕೀಲರಿಗೆ ಕೊಡುವುದು ಬಿಡುವುದು ನಿನಗೆ ಸೇರಿದ್ದು.

ಇವತ್ತು ಬೆಳಿಗ್ಗೆ ಮತ್ತೆ ಸ್ಟೇಷನ್ನಿಗೆ ಹೋಗಿದ್ದೆ. ಸುಮಲತಗೆ ಏಪ್ರಿಲ್‌ನಲ್ಲಿ ಕೊಡದ ಉತ್ತರ ಕೊಟ್ಟೆ. ಸಾಮಾನ್ಯವಾಗಿ ಇಬ್ಬರನ್ನು ಕೇಳುತ್ತೇನಮ್ಮ, ಆವತ್ತು ಒಬ್ಬನನ್ನೇ ಕೇಳಿದೆ, ಅವನು ನನ್ನ ಗೆಳೆಯನಾಗಿದ್ದ ಎಂದೆ. ಕೇಳಿಸಿಕೊಂಡಳು. ‘ಇಬ್ರೂ ಗೊತ್ತಿಲ್ಲ ಅಂದಿದ್ರೆ ನಾನೇ ಯೋಚ್ನೆ ಮಾಡ್ಕೋತಿದ್ದೆ ಅಣ್ಣಾ’ ಅಂದಳು. ವಿಚಾರಣೆಗೆ ಬರುತ್ತೀಯಾ ಎಂದು ಕೇಳಿದೆ. ರಜೆ ಕೊಡುವುದಿಲ್ಲವಂತೆ. ಆ ಕತ್ತರಿಸಿದ ತುಣುಕು ಇನ್ನೂ ಪರ್ಸಿನಲ್ಲಿದೆ, ಬೇಕಾದರೆ ತಗೊಳ್ಳಿ ಎಂದು ಕೊಡಲು ಬಂದಳು. ನನ್ನ ಹತ್ತಿರ ಪ್ರತಿ ಇದೆ ಎಂದೆ. ತಿರುಗಿ ಪರ್ಸಿಗೇ ಇಟ್ಟುಕೊಂಡಳು.

ವಿಚಾರಣೆಯ ದಿನಾಂಕ ನಿಗದಿಯಾಗಿದೆ. ಸಹಕಾರ ಇಲಾಖೆ ಕಚೇರಿಯ ಸೂಚನಾ ಫಲಕದಲ್ಲಿ ನಾನೇ ನೋಡಿ ಬಂದೆ. ಜೂನ್ 24, ಬೆಳಿಗ್ಗೆ ಹನ್ನೊಂದು ಗಂಟೆ, ಕೋಲಾರ. ಕ್ರಮಸಂಖ್ಯೆ ಆರು. ಒಂಬತ್ತು ಗಂಟೆಗೆ ನಾನು ಬಂಗಾರಪೇಟೆ ಬಸ್ ನಿಲ್ದಾಣದಲ್ಲಿರುತ್ತೇನೆ.

ಚಲಪತಿ